ಅನಂತಪದ್ಮನಾಭರ ಲಾರಿ ಚಾನೆಲ್ಲು

ಅಮೆರಿಕಾದ ಡಬ್ಲಿನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸಲ ಕೂಗಿತು ಎಂದು ನಾನು ಕೂತಲ್ಲೇ ಹೇಳಬಲ್ಲೆ. ಆಚೆ ಊರು ಡ್ಯಾನ್‌ವಿಲ್‌ನಲ್ಲಿ ಒಗ್ಗರಣೆ ಸೀದರೂ ನನ್ನ ಮೂಗಿಗೆ ಗೊತ್ತಾಗುತ್ತದೆ. ಇದರಲ್ಲಿ ಅರ್ಧ ಸುಳ್ಳು, ಯಾವ ಅರ್ಧ ಎಂದು ಕೇಳಬೇಡಿ. ಆದರೆ ಅನಂತಪದ್ಮನಾಭರ ರೇಡಿಯೋ ಕತೆಯನ್ನು ಮಾತ್ರ ಪೂರ್ತಿ ನಂಬಬೇಕು.

ಅನಂತಪದ್ಮನಾಭರು ವಾಲ್ನಟ್ ಕ್ರೀಕಿನ ಆಫೀಸೊಂದರಲ್ಲಿ ಇಪ್ಪತ್ತೈದು ವರ್ಷ ಫೈಲು ಜೋಡಿಸಿ ನಿವೃತ್ತರಾದವರು. ಅವರು ಓಡಿಸಿದ ದೊಡ್ಡ ಗಾಡಿ ಎಂದರೆ ತಮ್ಮ ಪುಟ್ಟ ಕಾರು. ಅದನ್ನೂ ಫ್ರೀವೇಯಲ್ಲಿ ಮದುವೆ ಮೆರವಣಿಗೆಯ ಹಾಗೆ ಬಿಡುತ್ತಿದ್ದರು. ಇಂಥವರು ಒಂದು ಸ್ಯಾಟಲೈಟ್ ರೇಡಿಯೋ ತರಿಸಿಕೊಂಡರು. ಅಂಗೈಯಗಲದ ಪೆಟ್ಟಿಗೆ. ಅದನ್ನು ಸಿಕ್ಕಿಸಲು ಕಾರಿನಲ್ಲೊಂದು ಗೂಡು, ಮನೆಯಲ್ಲೊಂದು ಗೂಡು. ಅದರ ಬಾಲಕ್ಕೆ ಬೆಂಕಿಪೊಟ್ಟಣದಷ್ಟು ಆಂಟೆನಾ. ಆ ಆಂಟೆನಾಕ್ಕೆ ಆಕಾಶ ಕಾಣಬೇಕು, ಕಾಣದಿದ್ದರೆ ಪೆಟ್ಟಿಗೆ ಮುನಿಸಿಕೊಂಡ ಹೊಸ ಸೊಸೆಯ ಹಾಗೆ ಬಾಯಿ ಬಿಡುವುದಿಲ್ಲ.

ಅದರಲ್ಲಿ ನೂರಾರು ಚಾನೆಲ್ಲಿದ್ದರೂ ಅನಂತಪದ್ಮನಾಭರು ಮನಸ್ಸು ಕೊಟ್ಟದ್ದು ಲಾರಿ ಡ್ರೈವರುಗಳ ಚಾನೆಲ್ಲಿಗೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಡ್ರೈವರುಗಳು ಎಲ್ಲೆಲ್ಲಿಂದಲೋ ಫೋನು ಮಾಡಿ ಹಿಮ, ಟೈರು, ಬೆನ್ನುನೋವು ಎಂದು ಮಾತಾಡುತ್ತಿದ್ದರು. ಇವರು ಸೋಫಾದಲ್ಲಿ ಕಾಲು ಚಾಚಿ, "ಪಾಪ, ಹೌದಪ್ಪ, ಈ ಹಿಮದಲ್ಲಿ ಬ್ರೇಕು ಹಿಡಿಯಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಜಗಳ ಹುಟ್ಟಿದ್ದು ಕಿಟಕಿಯಿಂದ. ಮನೆಯಲ್ಲಿ ಆಂಟೆನಾಕ್ಕೆ ಆಕಾಶ ಕಾಣುವ ಜಾಗ ಒಂದೇ, ಪೂರ್ವದ ಕಿಟಕಿ. ಅಲ್ಲಿ ಅವರ ಹೆಂಡತಿ ವೇದವತಿಯ ತುಳಸಿ ಕುಂಡ ಇತ್ತು. ಅನಂತಪದ್ಮನಾಭರು ತುಳಸಿಯನ್ನು ಬಚ್ಚಲುಮನೆಗೆ ಸಾಗಿಸಿದರು.

ಆ ಶುಕ್ರವಾರ ಬೆಳಿಗ್ಗೆ ವೇದವತಿ ಬಾಡಿದ ಗಿಡ ಎತ್ತಿಕೊಂಡು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ರೀ, ಇವತ್ತಿಗೆ ಇದು ಮುಗೀಬೇಕು. ಈ ಕಿಟಕೀಲಿ ಒಂದೋ ನನ್ನ ತುಳಸಿ, ಇಲ್ಲಾ ನಿಮ್ಮ ಲಾರಿ."

"ಲಾರಿ ಅಂತ ಹಗುರವಾಗಿ ಮಾತಾಡ್ಬೇಡ ಕಣೇ. ಇವತ್ತು ಹನ್ನೊಂದು ಗಂಟೆಗೆ ನಾನೇ ಆ ಪ್ರೋಗ್ರಾಮಲ್ಲಿ ಮಾತಾಡ್ತೀನಿ. ಇಡೀ ಅಮೆರಿಕಾ ಕೇಳುತ್ತೆ!"

"ನೀವಾ? ಮನೇಲಿ ನಾನೇ ನಿಮ್ಮ ಮಾತು ಕೇಳಲ್ಲ. ಸರಿ, ನಿಮ್ಮ ದನಿ ಅದರಲ್ಲಿ ಬಂತು ಅಂತ ನಾಲ್ಕು ಜನ ಹೇಳಲಿ, ಪೆಟ್ಟಿಗೆ ಇಲ್ಲೇ ಇರಲಿ. ಬರಲಿಲ್ವೋ, ಸಾಯಂಕಾಲ ಡೊನೇಶನ್ ಸೆಂಟರಿಗೆ ಕೊಟ್ಟು ಬರ್ತೀನಿ."

"ಕೊಡು ನೋಡೋಣ! ನನ್ನ ರೇಡಿಯೋ, ನನ್ನಿಷ್ಟ!" ಎಂದು ಅವರು ಪೆಟ್ಟಿಗೆಯನ್ನು ಗೂಡಿನಿಂದ ಕಿತ್ತು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಒಂದು ಕಾಲಿಗೆ ಷೂ, ಇನ್ನೊಂದಕ್ಕೆ ಚಪ್ಪಲಿ.

ಸಾಕ್ಷಿಗೆ ಸಿಕ್ಕವರು ಪಕ್ಕದ ಮನೆಯ ವೆಂಕಟಾಚಲ ಮತ್ತು ಅವರ ಹೆಂಡತಿ ನಿರುಪಮಾ. ಹೊರಗೆ ಹೋಗುವುದೆಂದರೆ ಬರಿಗೈಲಿ ಹೋಗುವ ಜನ ಅವರಲ್ಲ. ಬಸ್ಸಿನ ಚಕ್ರದಷ್ಟು ಅಗಲದ ಸ್ಟೀಲ್ ಪಾತ್ರೆಯಲ್ಲಿ ಬಿಸಿಬೇಳೆಬಾತು ತುಂಬಿಕೊಂಡು ಹಿಂದಿನ ಸೀಟು ಹತ್ತಿದರು.

ಕಾರ್‌ಪೋರ್ಟಿನ ಚಾವಣಿಯ ಕೆಳಗೆ ಪೆಟ್ಟಿಗೆ ಮಾತಾಡಲಿಲ್ಲ. ಕಾರನ್ನು ಹೊರಗೆ ತಂದರು. ಅಲ್ಲಿ ಮುಗಿಲೆತ್ತರದ ರೆಡ್‌ವುಡ್ ಮರ ಅಡ್ಡ.

"ಸ್ವಾಮೀ, ಸ್ವಲ್ಪ ಎಡಕ್ಕೆ ತಗೊಳ್ಳಿ," ಎಂದರು ವೆಂಕಟಾಚಲ.

"ಎಡಕ್ಕಲ್ಲ ರೀ, ಬಲಕ್ಕೆ! ಅಲ್ಲಿ ನೆರಳಿದೆ," ಎಂದರು ನಿರುಪಮಾ.

"ನೆರಳಿಗಲ್ಲಮ್ಮ ನಾವು ಬಂದಿರೋದು, ಆಕಾಶಕ್ಕೆ!"

ಎಡಕ್ಕೂ ಬಲಕ್ಕೂ ಎಳೆದಾಡಿ ಕಸದ ಡಬ್ಬಿಯೊಂದನ್ನು ಉರುಳಿಸಿ, ಕೊನೆಗೆ ಗುಡ್ಡದ ಮೇಲಿನ ಪಾರ್ಕಿಗೆ ಹೋದರು. ಅಲ್ಲಿ ಗಾಳಿಯೆಂದರೆ ಗಾಳಿ, ವೆಂಕಟಾಚಲರ ತಲೆಯಲ್ಲಿ ಉಳಿದಿದ್ದ ಹನ್ನೊಂದು ಕೂದಲೂ ಎದ್ದು ನಿಂತವು. ಆದರೆ ಆಕಾಶ ಬಾಣಲೆ ಕವಚಿದ ಹಾಗೆ ಸುತ್ತಲೂ ತೆರೆದಿತ್ತು. ಕಾರಿನ ನೆತ್ತಿಗೆ ಆಂಟೆನಾ ಅಂಟಿಸಿದ್ದೇ ತಡ, ಪೆಟ್ಟಿಗೆ ಗಣಗಣ ಮಾತಾಡಿತು. ಅನಂತಪದ್ಮನಾಭರ ಎದೆ ಎರಡಿಂಚು ಹಿಗ್ಗಿತು.

ಫೋನು ಹಚ್ಚಿದರು. ಮೊದಲು ಒಬ್ಬ ಹುಡುಗಿ ಎತ್ತಿಕೊಂಡಳು. ಹೆಸರೇನು, ಲಾರಿಯಲ್ಲಿ ಏನು ಸಾಗಿಸುತ್ತೀರಿ ಎಂದು ಕೇಳಿದಳು. ಅನಂತಪದ್ಮನಾಭರು ಹಿಂದಿನ ಸೀಟಿನ ಪಾತ್ರೆಯ ಕಡೆ ನೋಡಿ, "ರೈಸು," ಎಂದುಬಿಟ್ಟರು.

"ನಿಮ್ಮ ರೇಡಿಯೋದಿಂದ ದೂರ ಹೋಗಿ ಸರ್, ಇಲ್ಲದಿದ್ದರೆ ಲೈನಿನಲ್ಲಿ ಕಿರಿಚುತ್ತೆ. ಈಗ ನಿಮ್ಮದೇ ಸರದಿ."

"ವೆಂಕಟಾಚಲಾ, ಒಂದಕ್ಷರ ಬಿಡದೆ ಕೇಳಿ!" ಎಂದು ಕೂಗಿ ಅನಂತಪದ್ಮನಾಭರು ರೆಸ್ಟ್‌ರೂಮಿನ ಗೋಡೆಯ ಹಿಂದಕ್ಕೆ ಓಡಿದರು.

ಹತ್ತು ನಿಮಿಷದ ಮೇಲೆ ತಿರುಗಿ ಬಂದಾಗ ಅವರ ಮುಖ ಬೆವರಿ ಗಂಜಿಯಾಗಿತ್ತು. "ಕೇಳಿಸ್ತಾ?" ಎಂದರು ಸಣ್ಣ ದನಿಯಲ್ಲಿ.

ಗಂಡಹೆಂಡಿರ ಬಾಯಿ ತುಂಬ ಬಾತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಬ್ಬಬ್ಬಾ! ಗಂಟೆ ಹೊಡೆದ ಹಾಗೆ!" ಎಂದರು ವೆಂಕಟಾಚಲ.

"ಎಲ್ಲಾ ಕೇಳಿಸ್ತಾ? ನಮ್ಮ ವೇದನ ವಿಷಯಾನೂ?"

"ಅದೇ ತಾನೇ ಸೊಗಸಾಗಿದ್ದಿದ್ದು!" ಎಂದರು ನಿರುಪಮಾ.

ಅನಂತಪದ್ಮನಾಭರು ಕಾರಿಗೆ ಆತುಕೊಂಡರು. "ದಮ್ಮಯ್ಯ ನಿರುಪಮಾ, ಅವಳಿಗೆ ಮಾತ್ರ ಹೇಳ್ಬೇಡಮ್ಮ" ಎನ್ನುತ್ತ ತಲೆಯೆತ್ತಿದರೆ ಏನು ಕಂಡಿತು ಗೊತ್ತೇ? ಕಾರಿನ ನೆತ್ತಿಯನ್ನೇ ಊಟದ ಮೇಜು ಮಾಡಿಕೊಂಡಿದ್ದರು. ಆ ಸ್ಟೀಲ್ ಪಾತ್ರೆ ಸರಿಯಾಗಿ ಆಂಟೆನಾದ ಮೇಲೆ ಕೂತಿತ್ತು. ಒಳಗೆ ಪೆಟ್ಟಿಗೆ ಸದ್ದಿಲ್ಲದೆ ಮಲಗಿತ್ತು.

"ಏನ್ರೀ ಇದು! ನೀವು ಒಂದು ಮಾತೂ ಕೇಳಿಲ್ಲ!"

"ಗಾಳೀಲಿ ಬಾತು ಆರಿಹೋಗ್ತಿತ್ತು ಸ್ವಾಮೀ, ಬೇಗ ತಿಂದುಬಿಡೋಣ ಅಂತ ಮೇಲಿಟ್ವಿ," ಎಂದರು ವೆಂಕಟಾಚಲ ತಪ್ಪಿತಸ್ಥರ ಹಾಗೆ. "ಪಾತ್ರೆ ಇಟ್ಟ ಕೂಡಲೇ ಅದು ನಿಂತುಹೋಯ್ತು. ನೀವು ಬೇಜಾರು ಮಾಡ್ಕೋತೀರಿ ಅಂತ..."

ಬೈಯಬೇಕಾದ ಅನಂತಪದ್ಮನಾಭರು ಅವರನ್ನು ತಬ್ಬಿಕೊಂಡುಬಿಟ್ಟರು. ಕಣ್ಣಲ್ಲಿ ನೀರು. "ಒಳ್ಳೇದಾಯ್ತು! ಬಹಳ ಒಳ್ಳೇದಾಯ್ತು! ಈಗ ಕೇಳಿ. ನನ್ನ ದನಿ ಬಂತು ಅಂತ ವೇದನ ಮುಂದೆ ಹೇಳಿ, ಸಾಕು. ಏನು ಮಾತಾಡಿದೆ ಅಂತ ಕೇಳಿದ್ರೆ, ಅಕ್ಕಿ ವಿಷಯ ಅನ್ನಿ."

ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ವೀರನ ಹಾಗೆ ಮನೆಗೆ ಬಂದರು. ಬಾಗಿಲು ತೆಗೆಯುತ್ತಿದ್ದ ಹಾಗೆಯೇ, "ತೆಗಿ ನಿನ್ನ ತುಳಸೀನ! ಸಾಕ್ಷಿ ಸಮೇತ ಬಂದಿದ್ದೀನಿ!" ಎಂದು ಗುಡುಗಿದರು. ವೇದವತಿ ಸೋಫಾದಲ್ಲಿ ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಮೂರನೇ ಮಹಡಿಯ ಜರೀನಾ ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

"ಹೌದು ವೇದಕ್ಕ, ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ!" ಎಂದರು ನಿರುಪಮಾ. ಅಷ್ಟಕ್ಕೆ ನಿಲ್ಲಿಸಬಾರದೇ? "ನಿಮ್ಮನ್ನಂತೂ ಹೊಗಳಿದ್ದೇ ಹೊಗಳಿದ್ದು!"

"ಹೌದಮ್ಮ," ಎಂದರು ವೇದವತಿ. "ನಾನು ಬದುಕಿದ್ದಾಗ ಎಷ್ಟು ಒಳ್ಳೇ ಸಾರು ಮಾಡ್ತಿದ್ದೆ ಅಂತ ಹೇಳಿದ್ರಲ್ಲ, ಅದೇ ತಾನೇ?"

ನಿರುಪಮಾ ಮೆಲ್ಲಗೆ ಗಂಡನ ಬೆನ್ನ ಹಿಂದೆ ಸರಿದರು.

ನಡೆದದ್ದಿಷ್ಟು. ಜರೀನಾ ಹೊಸ ಕಾರು ತೆಗೆದುಕೊಂಡಿದ್ದಳು. ಈಗಿನ ಕಾರುಗಳಲ್ಲಿ ಈ ರೇಡಿಯೋ ಹೊಟ್ಟೆಯೊಳಗೇ ಇರುತ್ತದಂತೆ. ಗ್ರೋಸರಿ ಮುಗಿಸಿ ಅದರಲ್ಲಿ ಬರುತ್ತಿದ್ದಾಗ, "ವೇದಾ ಆಂಟಿ, ಅಂಕಲ್ ಚಾನೆಲ್ ಹಾಕ್ಲಾ?" ಎಂದು ಹಾಕಿದಳು. ಹಿಂದಿನ ಸೀಟಿನಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಕೂತಿದ್ದವಳು ನಾನು. ಪ್ರೋಗ್ರಾಮಿನವನು, "ಮನೆಯಲ್ಲಿ ಯಾರು ಕಾಯುತ್ತಿದ್ದಾರೆ, ಡ್ರೈವರ್?" ಎಂದು ಕೇಳಿದ. ಎಲ್ಲ ಡ್ರೈವರುಗಳ ದುಃಖ ಕೇಳಿ ಕೇಳಿ ಇವರಿಗೂ ಒಂದು ದುಃಖ ಬೇಕೆನಿಸಿತೋ ಏನೋ, "ಯಾರೂ ಇಲ್ಲ ಸರ್. ನನ್ನ ವೇದ ಹೋಗಿ ಮೂರು ವರ್ಷ" ಎಂದು ಬಿಕ್ಕಿದರು. ನನ್ನ ಯಜಮಾನರು ಹೋದಾಗ ನಾನೇ ಅಷ್ಟು ಚೆನ್ನಾಗಿ ಅತ್ತಿರಲಿಲ್ಲ.

"ವೇದಾ, ಅದು... ಬಾಯಿಗೆ ಬಂತು ಕಣೇ," ಎಂದರು ಅನಂತಪದ್ಮನಾಭರು.

"ಇರಲಿ ಬಿಡಿ. ನಿಮ್ಮ ದನಿ ಬಂತು, ಪೆಟ್ಟಿಗೆ ಉಳೀತು. ಆಡಿದ ಮಾತಿಗೆ ನಾನು ತಪ್ಪಲ್ಲ." ವೇದವತಿಯೇ ಎದ್ದು ಕುಂಡ ಸರಿಸಿ, ಆಂಟೆನಾವನ್ನು ಕಿಟಕಿಯಲ್ಲಿಟ್ಟು, ಪೆಟ್ಟಿಗೆಯನ್ನು ಗೂಡಿಗೆ ಸಿಕ್ಕಿಸಿದರು. ಆಮೇಲೆ ಸೋಫಾದ ಮೇಲಿದ್ದ ತಮ್ಮ ಫೋನನ್ನು ಕಿವಿಗೆ ಹಿಡಿದರು.

"ಯಾರಿಗೆ ಫೋನು?" ಎಂದರು ಅನಂತಪದ್ಮನಾಭರು. ಅವರ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ನಲವತ್ತು ನಿಮಿಷದಿಂದ ಲೈನಲ್ಲಿ ಕಾಯ್ತಾ ಇದ್ದೀನಿ. ಈಗ ನನ್ನ ಸರದಿ ಬಂತು. ಶ್!" ಎನ್ನುತ್ತ ವೇದವತಿ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಚಿಲಕ ಜಡಿದರು.

ಕಿಟಕಿಯ ಪೆಟ್ಟಿಗೆ ಗಂಟೆಯ ಹಾಗೆ ಸ್ಪಷ್ಟವಾಗಿ ಮಾತಾಡಿತು. ಆ ಪ್ರೋಗ್ರಾಮಿನವನೇ. "ಮುಂದಿನ ಫೋನು ವೇದ ಎನ್ನುವವರದು. ನಮಸ್ಕಾರ ಅಮ್ಮ, ಎಲ್ಲಿಂದ ಮಾತಾಡುತ್ತಿದ್ದೀರಿ?"

ಇಡೀ ಅಮೆರಿಕಾದ ಲಾರಿಗಳು ಕಿವಿಗೊಟ್ಟು ಕಾದವು. ವೇದವತಿ ಏನೆಂದರು? ಎಲ್ಲಾ ನಾನೇ ಹೇಳಬೇಕೇ? ನೀವೇ ಹೇಳಿ ನೋಡೋಣ.