ಭಾವನ ಹಸಿರು ತುದಿ ರಾಡುಗಳು

ನಮ್ಮ ಭಾವ ಹೆಣ್ಣು ನೋಡಲು ಬಂದ ದಿನ ಮೊದಲು ನೋಡಿದ್ದು ನನ್ನ ಅಕ್ಕನನ್ನಲ್ಲ, ಕಾಫಿ ಲೋಟವನ್ನು! ಕಾಫಿ ಕುಡಿದು ಮುಗಿಸಿ, ಲೋಟವನ್ನು ಬೆರಳಿನಿಂದ ಟಣ್ ಎನ್ನಿಸಿ, ಕಿವಿಯ ಹತ್ತಿರ ಹಿಡಿದು ಆಲಿಸಿದರು. ಆಮೇಲೆ ಅಂಗಿಯ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಲೋಟದ ತಳಕ್ಕೆ ತಾಗಿಸಿದರು. ಅಂಟಲಿಲ್ಲ. "ಒಳ್ಳೆ ಸ್ಟೀಲು" ಎಂದು ತೃಪ್ತಿಯಿಂದ ತಲೆಯಾಡಿಸಿದರು. ಸಂಬಂಧ ಕುದುರಿತು. "ನನ್ನನ್ನ ಒಪ್ಪಿದ್ರೋ, ಲೋಟನ ಒಪ್ಪಿದ್ರೋ, ಇನ್ನೂ ಗೊತ್ತಾಗಿಲ್ಲ" ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಇಂಥವರನ್ನು ಕಂಡು ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ಪಡುತ್ತಾರೆ ಸ್ವಾಮಿ, ನಾನೇ ಪಡುತ್ತೇನೆ. ಬೇರೆ ಯಾವ ಕಸುಬಿನವರಾಗಿದ್ದರೂ ಭಾವನನ್ನು ಸಹಿಸಿಕೊಂಡು ಹೋಗುತ್ತಿದ್ದೆನೇನೋ. ಆದರೆ ಅವರದೂ ಲೇಥ್ ಅಂಗಡಿ, ನನ್ನದೂ ಲೇಥ್ ಅಂಗಡಿ! ಅವರದು ಚಿಂತಾಮಣಿಯಲ್ಲಿ, ಪಂಪು, ಟ್ರ್ಯಾಕ್ಟರುಗಳ ಕೆಲಸ. ನನ್ನದು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ತೆಗೆಯುವ ಯಂತ್ರಗಳ ಬಿಡಿಭಾಗಗಳ ಕೆಲಸ. ಅಂಗಡಿ ಹಾಕಿದಾಗ ಲಕ್ಷಣವಾಗಿರಲಿ ಎಂದು ಅಮ್ಮ ಬಾಗಿಲಿಗೆ ಗಿಳಿಹಸಿರು ಬಣ್ಣ ಹೊಡೆಸಿದ್ದರಿಂದ ಊರವರಿಗೆಲ್ಲ ಅದು 'ಹಸಿರು ಬಾಗಿಲ ಲೇಥು'. ಇಬ್ಬರೂ ಮಾಡುವುದು ಅದನ್ನೇ. ರಾಡು ಹಿಡಿಸಿ, ತಿರುಗಿಸಿ, ಕೆತ್ತಿ ತೆಗೆಯುವುದು. ಆದರೆ ನನ್ನ ಅಂಗಡಿಗೆ ಬಂದವರು "ಬೇಗ ಮಾಡ್ಕೊಡಪ್ಪ, ಬಸ್ಸಿಗೆ ಹೊತ್ತಾಯ್ತು" ಅನ್ನುತ್ತಾರೆ. ಭಾವನ ಅಂಗಡಿಗೆ ಹೋದವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಡುತ್ತಾರೆ!

ಭಾವನ ಹುಚ್ಚೆಂದರೆ ಇದು: ಕೆಲಸಕ್ಕೆ ತಕ್ಕ ಲೋಹ ಸಿಗುವ ತನಕ ಅವರು ಮೋಟಾರಿನ ಸ್ವಿಚ್ಚು ಒತ್ತುವುದಿಲ್ಲ. ಒಮ್ಮೆ ನಾನು ಅಲ್ಲಿದ್ದಾಗಲೇ ಅಂಬಾಜಿದುರ್ಗದ ಕಡೆಯ ರೈತರೊಬ್ಬರು ಬಂದು ಟ್ರ್ಯಾಕ್ಟರಿಗೆ ಟ್ರೈಲರ್ ಸಿಕ್ಕಿಸುವ ಪಿನ್ನು ಬೇಕೆಂದರು. ಭಾವ ಕನ್ನಡಕ ಏರಿಸಿದರು.

"ಯಾತಕ್ಕೆ? ಭಾರ ಎಷ್ಟು ಬೀಳುತ್ತೆ? ನೀರು ತಾಗುತ್ತಾ? ಅದಕ್ಕೆ ಏನು ಉಜ್ಜುತ್ತೆ?"

"ಏನ್ ಸ್ವಾಮಿ, ನಾನು ಪಿನ್ನು ಕೇಳ್ದೆ, ಹೆಣ್ಣು ಕೇಳ್ಲಿಲ್ಲ!" ಎಂದರು ರೈತರು.

ಭಾವನಿಗೆ ನಗು ಬರಲಿಲ್ಲ. ಒಂದೊಂದೇ ರಾಡು ತಂದು ಸಾಣೆಚಕ್ರಕ್ಕೆ ಹಿಡಿದು ಕಿಡಿ ಹಾರಿಸತೊಡಗಿದರು. ಮೆತ್ತನೆಯ ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆ ಎಳೆದಂತೆ ಹೋಗುತ್ತದೆ. ಗಡಸು ಉಕ್ಕಿನದು ದೀಪಾವಳಿಯ ಹೂಕುಂಡದ ಹಾಗೆ ಚಿಟಿಚಿಟಿ ಒಡೆಯುತ್ತದೆ. "ಇದು ಬಾಗುತ್ತೆ. ಇದು ಗಟ್ಟಿ, ಆದ್ರೆ ಏಟು ಬಿದ್ರೆ ಪಟ್ ಅಂತದೆ. ತಡೀರಿ, ಇನ್ನೊಂದಿದೆ" ಎನ್ನುತ್ತಾ ಅವರು ಪ್ರದರ್ಶನ ಮುಗಿಸುವಷ್ಟರಲ್ಲಿ ರೈತರ ಹೊಸ ಪಂಚೆ ತೂತು ತೂತು! ಈಗ ಜಗಳ ಗ್ಯಾರಂಟಿ ಎಂದು ನಾನು ಸಂತೋಷದಿಂದ ಸ್ಟೂಲು ಎಳೆದುಕೊಂಡು ಕೂತೆ. ಆ ರೈತರೋ, ಪಂಚೆ ಕೊಡವಿಕೊಂಡು, "ಬಲೇ ಮನಿಷಿ ರಾ ಈಯನ! ಪಿನ್ನು ಅಂದ್ರೆ ಇಂಗಿರಬೇಕು" ಎಂದು ತೆಲುಗು, ಕನ್ನಡ ಎರಡರಲ್ಲೂ ನನ್ನ ಮುಂದೆಯೇ ಹೊಗಳಿದರು. ನನ್ನ ಲೇಥಿನಲ್ಲಿ ಒಬ್ಬರ ಅಂಗಿಗೆ ಎಣ್ಣೆ ಸಿಡಿದಿದ್ದಕ್ಕೆ ಬೀದಿ ಬೀದಿಯೇ ಸೇರಿತ್ತು!

ಇನ್ನೊಮ್ಮೆ ಕೈವಾರದ ದೇವಸ್ಥಾನಕ್ಕೆ ಮನೆಯವರೆಲ್ಲ ಬಸ್ಸಿನಲ್ಲಿ ಹೋಗುತ್ತಿದ್ದೆವು. ನಿಂತವರು ಹಿಡಿದುಕೊಳ್ಳುವ ಕಂಬಿಯನ್ನು ಭಾವ ಉಂಗುರದ ಬೆರಳಿನಿಂದ ಕುಟ್ಟಿ ಕುಟ್ಟಿ ಕೇಳಿಸಿಕೊಂಡರು. "ಒಳಗೆಲ್ಲ ತುಕ್ಕು ತಿಂದಿದೆ. ಇದನ್ನ ನಂಬೋ ಹಾಗಿಲ್ಲ" ಎಂದರು, ಅದೂ ಬಸ್ಸಿಗೆಲ್ಲ ಕೇಳುವಂತೆ! ನಿಂತಿದ್ದವರೆಲ್ಲ ಗಾಬರಿಯಿಂದ ಕೈಬಿಟ್ಟರು. ಮುಂದಿನ ತಿರುವಿನಲ್ಲಿ ಅವರೆಲ್ಲ ಒಬ್ಬರ ಮೇಲೊಬ್ಬರು ರಾಗಿಮೂಟೆಗಳ ಹಾಗೆ ಉರುಳಿದರು. ಕಂಬಿ ಮಾತ್ರ ಅಲ್ಲಾಡಲಿಲ್ಲ.

"ಯಜಮಾನ್ರೇ, ನೀವು ಕೂತ್ಕೊಳ್ಳಿ. ಕೈನ ಜೇಬಲ್ಲಿ ಇಟ್ಕೊಳ್ಳಿ" ಎಂದು ಕಂಡಕ್ಟರ್ ಗದರಿದ.

ಅಬ್ಬಾ, ಒಬ್ಬನಾದರೂ ಸಿಕ್ಕನಲ್ಲ ಎಂದು ನನಗೆ ಹಾಲು ಕುಡಿದಷ್ಟು ಖುಷಿಯಾಯಿತು. ಅದೇ ಕಂಡಕ್ಟರ್ ಆಮೇಲೆ ತನ್ನ ಸ್ಕೂಟರಿನ ಸ್ಟ್ಯಾಂಡು ಮುರಿದಾಗ ಎಲ್ಲಿಗೆ ಹೋದ? ಚಿಂತಾಮಣಿಗೆ! ಅವನ ಮನೆ ಇರುವುದು ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ. ಮುರಿದ ಸ್ಟ್ಯಾಂಡು ನೆಲ ಕೆರೆಯುತ್ತಿದ್ದ ಸ್ಕೂಟರನ್ನು ನನ್ನ ಹಸಿರು ಬಾಗಿಲ ಮುಂದೆಯೇ ಓಡಿಸಿಕೊಂಡು ಹೋದ. ನನಗೆ ಉರಿಯದೆ ಇನ್ನೇನು?

ಭಾವನ ಅಂಗಡಿಯಲ್ಲಿ ಪ್ರತಿ ರಾಡಿನ ಒಂದು ತುದಿಗೆ ಬಣ್ಣ ಹಚ್ಚಿರುತ್ತದೆ. ಕೆಂಪು ಅಂದರೆ ಒಂದು ಉಕ್ಕು, ನೀಲಿ ಅಂದರೆ ಇನ್ನೊಂದು, ಹಳದಿ ಅಂದರೆ ಹಿತ್ತಾಳೆ ಕುಲದ್ದು. ಕತ್ತರಿಸುವಾಗ ಯಾವಾಗಲೂ ಬಣ್ಣವಿಲ್ಲದ ಕಡೆಯಿಂದಲೇ ಕತ್ತರಿಸಬೇಕು. ಬಣ್ಣದ ತುದಿ ಹೋಯಿತೋ, ಆ ರಾಡು ಯಾವುದೆಂದು ಅದನ್ನು ಮಾಡಿದವನಿಗೂ ತಿಳಿಯುವುದಿಲ್ಲ. ಈ ಪದ್ಧತಿ ಎಲ್ಲ ಲೇಥಿನವರಿಗೂ ಗೊತ್ತು. ಆದರೆ ಭಾವ ಅದನ್ನು ಅಡುಗೆಮನೆಗೂ ತಂದರು! ಡಬ್ಬಿಗಳಿಗೆಲ್ಲ ಬಣ್ಣದ ಚುಕ್ಕೆ. "ನನ್ನ ಹಣೆಗೂ ಒಂದು ಹಚ್ಚಿಬಿಡ್ರಿ, ಯಾವ ಗ್ರೇಡು ಅಂತ ಮರೆತೀರ" ಎಂದಳು ಅಕ್ಕ.

ನನ್ನ ಕಣ್ಣು ಕುಕ್ಕುತ್ತಿದ್ದದ್ದು ಮಾತ್ರ ಬೇರೆ. ಅಂಗಡಿಯ ಹಿಂದಿನ ಗೋಡೆಗೆ ಒಂದು ಅಟ್ಟಣಿಗೆ. ಅದರ ಮೇಲೆ ಎಲ್ಲ ಬಗೆಯ ಲೋಹದ, ಒಂದೇ ಒಂದು ಗೀಚು ಇಲ್ಲದ, ನೆಟ್ಟಗೆ ಹೊಳೆಯುವ ತುಂಡುಗಳು. ಎಲ್ಲದರ ತುದಿಯೂ ಹಸಿರು! ಯಾರು ಬೇಡಿದರೂ ಭಾವ ಅದರಲ್ಲಿ ಒಂದನ್ನೂ ಮುಟ್ಟಿಸುತ್ತಿರಲಿಲ್ಲ. "ಅದು ಬೇರೆಯವರಿಗೆ ಎತ್ತಿಟ್ಟಿರೋದು" ಎನ್ನುತ್ತಿದ್ದರು. ಗೌರಿಬಿದನೂರಿನ ಕಡೆಯ ಯಾವುದೋ ಕಾರ್ಖಾನೆಯ ದೊಡ್ಡ ಗಿರಾಕಿಗೆ ಇರಬೇಕೆಂದು ನಾನು ಲೆಕ್ಕ ಹಾಕಿದೆ. ಹೋದಾಗಲೆಲ್ಲ ಆ ಅಟ್ಟಣಿಗೆಯ ಕೆಳಗೇ ಕೂರುತ್ತಿದ್ದೆ. ಬಾಯಲ್ಲಿ ನೀರೂರುತ್ತಿತ್ತು. ಒಂದು ತುಂಡು ಕೊಡಿ ಎಂದು ಕೇಳಬಹುದಿತ್ತಲ್ಲ ಎನ್ನುತ್ತೀರಾ? ಭಾವನನ್ನು ಕೇಳುವುದೇ! ಅದಕ್ಕಿಂತ ಅಂಗಡಿ ಮುಚ್ಚಿ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಹೋಗುತ್ತೇನೆ.

ಊರವರು ಹೊಗಳಿಕೊಳ್ಳಲಿ, ಬಿಡಿ. ನನ್ನ ಜೊತೆಯಲ್ಲೇ ಇರುವ ನನ್ನ ಸ್ವಂತ ಅಮ್ಮ? ಅವಳಿಗೂ ಬಾಯಿ ತೆಗೆದರೆ ಅಳಿಯಂದಿರು! ಈ ಅಳಿಯಂದಿರ ಜಪ ನಿಲ್ಲಿಸಬೇಕೆಂದೇ ನಾನು ಅವಳ ಶಾವಿಗೆ ಒರಳಿಗೆ ಕೈಹಾಕಿದ್ದು. ನಮ್ಮಜ್ಜಿಯ ಕಾಲದ ಒರಳು. ಮೇಲೆ ಹಿಡಿ ತಿರುಗಿಸಿದರೆ ತಿರುಪು ಇಳಿದು, ಕೆಳಗಿನ ತೂತುಗಳಿಂದ ಶಾವಿಗೆ ಬರುತ್ತದೆ. ತಿರುಪೂ ಅದು ಓಡಾಡುವ ನಟ್ಟೂ ಸವೆದು ಹೋಗಿದ್ದವು. ನಾನು ಎರಡನ್ನೂ ಹೊಸದಾಗಿ, ಮುಖ ಕಾಣುವಂಥ ಸ್ಟೀಲಿನಲ್ಲಿ ಮಾಡಿ ಕೂರಿಸಿದೆ. ಯುಗಾದಿ ಕಳೆದ ಮೇಲೆ ಅಕ್ಕ, ಭಾವ ಬಂದ ದಿನ ಅಮ್ಮ ಒರಳನ್ನು ನಡುಮನೆಯಲ್ಲೇ ಇಟ್ಟು ಒತ್ತಲು ಕೂತಳು.

ಅರ್ಧ ಹಿಟ್ಟು ಇಳಿದಿತ್ತು. ಕಿರ್ ಎಂದಿತು, ನಿಂತಿತು.

"ಅಯ್ಯೋ, ಇದೇನೋ ಮಗನೇ, ಅತ್ಲಾಗೂ ಹೋಗಲ್ಲ ಇತ್ಲಾಗೂ ಬರಲ್ಲ!" ಎಂದಳು ಅಮ್ಮ. ಶಾವಿಗೆ ಬಿಳಿ ಗಡ್ಡದ ಹಾಗೆ ನೇತಾಡುತ್ತಿತ್ತು. ನಾನು ಹಿಡಿದು ಜೋತುಬಿದ್ದೆ. ಅಕ್ಕ ಒರಳಿನ ಕಾಲು ಹಿಡಿದುಕೊಂಡಳು. ಒರಳು ನಮ್ಮಿಬ್ಬರನ್ನೂ ಎಳೆದುಕೊಂಡು ಒಂದು ಸುತ್ತು ಹಾಕಿತೇ ಹೊರತು ತಿರುಪು ಅಲುಗಲಿಲ್ಲ.

ಭಾವ ಬಂದು ಬೆರಳಲ್ಲಿ ಕುಟ್ಟಿದರು. "ಎರಡೂ ಸ್ಟೀಲಾ?"

"ಹೂಂ. ಒಳ್ಳೆ ಸ್ಟೀಲೇ."

"ಒಳ್ಳೇದೇ ಕಣಪ್ಪ. ಆದ್ರೆ ಒಂದೇ ಥರದ್ದು ಎರಡನ್ನ ಬಿಗಿಯಾಗಿ ಉಜ್ಜೋಕೆ ಬಿಟ್ರೆ ಕಚ್ಕೊಂಡ್ಬಿಡ್ತವೆ. ಒಂದು ಗಟ್ಟಿ ಇದ್ರೆ ಇನ್ನೊಂದು ಸ್ವಲ್ಪ ಮೆತ್ತಗಿರಬೇಕು."

ಲೋಹದ ವಿಷಯ ಹೇಳಿದರೋ, ನಮ್ಮಿಬ್ಬರ ವಿಷಯ ಹೇಳಿದರೋ, ದೇವರೇ ಬಲ್ಲ. ಅವರು ನಗಲಿಲ್ಲ. ನಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅಮ್ಮ ಹಿಟ್ಟಿನ ಕೈ ಒರೆಸಿಕೊಂಡು, "ಬಿಡೋ, ಅಳಿಯಂದಿರು ನೋಡ್ಕೊಳ್ತಾರೆ" ಎಂದು ಒರಳನ್ನು ಅವರಿಗೆ ಒಪ್ಪಿಸಿದಳು. ಆ ಮಾತು ನನಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಅವಳ ಮಗ ಲೇಥ್ ಇಟ್ಟುಕೊಂಡು ಇಲ್ಲೇ ನಿಂತಿದ್ದಾನಲ್ಲ!

ಒರಳು ಚಿಂತಾಮಣಿಗೆ ಹೋಯಿತು. ಹೋದದ್ದು ಹೋಯಿತು, ಬರಲೇ ಇಲ್ಲ. ಭಾವ ಲೋಹ ಆರಿಸುತ್ತಿದ್ದರು! ಪ್ರತಿ ಸಂಜೆ ಅಮ್ಮನಿಗೆ ಫೋನು. ಹಿಟ್ಟು ಎಷ್ಟು ಗಟ್ಟಿ ಕಲೆಸ್ತೀರಿ? ಕೂತು ತಿರುಗಿಸ್ತೀರಾ, ನಿಂತಾ? ಯಾವ ಕೈಗೆ ನೋವು? ತೊಳೆದು ಬಿಸಿಲಿಗೆ ಇಡ್ತೀರಾ? ಅಮ್ಮ ಉತ್ಸಾಹದಿಂದ ಉತ್ತರ ಕೊಡುತ್ತಿದ್ದಳು. ಅವಳಿಗೆ ಬಲಭುಜ ನೋಯುತ್ತದೆಂದು ನನಗೆ ಗೊತ್ತಾದದ್ದೇ ಆ ಫೋನಿನಿಂದ. ಅದಕ್ಕೂ ನನಗೆ ಸಿಟ್ಟು ಬಂದದ್ದು ಭಾವನ ಮೇಲೆಯೇ.

ಗೌರಿ ಹಬ್ಬ ಹತ್ತಿರವಾದಾಗ ಒಂದು ಮಧ್ಯಾಹ್ನ ಭಾವ ನನ್ನ ಅಂಗಡಿಗೆ ಬಂದರು. ಒಂದು ಕೈಯಲ್ಲಿ ಒರಳು, ಇನ್ನೊಂದರಲ್ಲಿ ಟವೆಲಿನಲ್ಲಿ ಸುತ್ತಿದ ಗಂಟು. ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ತಿರುಪಿಗೆ ಒಂದು ಸ್ಟೀಲು, ನಟ್ಟಿಗೆ ಒಂದು ಕಂಚು. ಎರಡರ ತುದಿಯೂ ಹಸಿರು!

"ಥ್ರೆಡ್ಡು ನೀನು ಹಾಕು" ಎಂದರು. ತಿರುಪಿನ ಸುತ್ತು ಗೆರೆಗಳನ್ನು ಕೆತ್ತುವ ಆ ಕೆಲಸವೇ ಇದರಲ್ಲೆಲ್ಲ ನಾಜೂಕಿನದು.

"ಯಾಕೆ? ನೀವೇ ಹಾಕಿ. ಅಮ್ಮ ಕೊಟ್ಟಿದ್ದು ನಿಮಗಲ್ವಾ?"

ಭಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. "ಕಚ್ಕೊಂಡಿತ್ತಲ್ಲ ಆ ತಿರುಪು, ಅದನ್ನ ಕೊಯ್ದು ತೆಗೆದು ನೋಡ್ದೆ ಕಣಪ್ಪ. ಲೋಹ ತಪ್ಪು, ಥ್ರೆಡ್ಡು ಮಾತ್ರ... ಅಷ್ಟು ಚೆನ್ನಾಗಿ ನನ್ನ ಜನ್ಮದಲ್ಲಿ ಹಾಕಿಲ್ಲ. ನಾನು ಲೋಹ ಆರಿಸ್ತಾ ಕೂತ್ಕೊಳ್ಳೋದು ಯಾಕೆ ಅಂದ್ಕೊಂಡೆ? ಆಮೇಲೆ ಕೈ ಕೆಲಸ ಶುರು ಮಾಡ್ಬೇಕಲ್ಲ, ಆ ಭಯಕ್ಕೆ! ನಿನ್ನ ಕೈ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ."

ಇಷ್ಟು ವರ್ಷ ಆ ಉರಿ ನನ್ನೊಬ್ಬನ ಸೊತ್ತು ಎಂದುಕೊಂಡಿದ್ದೆ. ಮಾತು ಬದಲಿಸಲು, "ಇದು ಆ ಅಟ್ಟಣಿಗೆ ಮಾಲಲ್ವಾ? ನಿಮ್ಮ ಗೌರಿಬಿದನೂರಿನ ಪಾರ್ಟಿ ಏನೂ ಅನ್ನಲ್ವಾ? ಈ ಹಸಿರು ಯಾವ ಗ್ರೇಡು?" ಎಂದೆ.

"ಯಾವ ಪಾರ್ಟಿ?" ಎಂದು ಅವರು ನನ್ನ ಅಂಗಡಿಯ ಬಾಗಿಲ ಕಡೆ ಕೈ ತೋರಿಸಿದರು. "ಗ್ರೇಡಲ್ಲ ಕಣಪ್ಪ, ನಿನ್ನ ಬಣ್ಣ. ನೀನು ಅಂಗಡಿ ಹಾಕಿದಾಗಿಂದ, ಒಳ್ಳೆ ಪೀಸು ಸಿಕ್ಕಿದ್ರೆ ನಿಂಗೆ ಅಂತ ಎತ್ತಿಡ್ತಾ ಇದ್ದೆ. ನೀನು ಬಂದಾಗೆಲ್ಲ ಅದರ ಕೆಳಗೇ ಕೂರ್ತಿದ್ದೆ. ಇವತ್ತು ಕೇಳ್ತಾನೆ, ಇವತ್ತು ಕೇಳ್ತಾನೆ ಅಂತ ಕಾದೆ. ನೀನು ಕೇಳ್ಲೇ ಇಲ್ಲ."

ಥ್ರೆಡ್ಡು ಹಾಕಿದೆ. ಹಸಿರು ತುದಿ ಕತ್ತರಿಸಲಿಲ್ಲ. ಉಳಿದ ತುಂಡು ಇವತ್ತೂ ನನ್ನ ಮೇಜಿನ ಮೇಲಿದೆ. ಹಬ್ಬದ ದಿನ ಅಮ್ಮ ಒಂದೇ ಕೈಯಲ್ಲಿ ತಿರುಗಿಸಿದಳು, ಎಡಗೈಯಲ್ಲಿ. ಶಾವಿಗೆ ಸರಾಗವಾಗಿ ಇಳಿಯಿತು. "ಅಳಿಯಂದಿರ ಕೆಲಸ ಅಂದ್ರೆ ಹೀಗಿರಬೇಕು ನೋಡು" ಎಂದಳು. ಭಾವ ಬಾಯಿ ತೆರೆದರು. ನಾನು ಅವರ ಕಾಲು ತುಳಿದು, "ಹೂಂ ಕಣಮ್ಮ" ಎಂದೆ. ವಿಚಿತ್ರವೆಂದರೆ ಎಲ್ಲೂ ಉರಿಯಲಿಲ್ಲ.

ಕಾಯಿಹಾಲು ಹಾಕಿಕೊಂಡು ಉಣ್ಣುತ್ತಿದ್ದಾಗ, "ಭಾವ, ನಂಗೊಂದು ಪೀಸು ಬೇಕಿತ್ತು" ಎಂದೆ.

ಅವರ ಕೈ ತಟ್ಟೆಯಲ್ಲೇ ನಿಂತಿತು. ಮುಖ ಅರಳಿತು. "ಯಾತಕ್ಕೆ? ಭಾರ ಎಷ್ಟು ಬೀಳುತ್ತೆ? ನೀರು ತಾಗುತ್ತಾ?"

"ಏನಕ್ಕೂ ಇಲ್ಲ ಭಾವ" ಎಂದೆ, "ಸುಮ್ನೆ ಕೇಳಿದೆ."