ಲೋಟಕ್ಕೊಂದು ತೂತು

ಆ ಮನೆಯಲ್ಲಿ ಮೈಗೆ ಹಿತವಾದ ಕುರ್ಚಿ ಇದ್ದದ್ದು ಒಂದೇ. ಅದೂ ವಿಮಾನದ್ದು.

ಭೌತಶಾಸ್ತ್ರದ ಮೇಷ್ಟ್ರು ತಮ್ಮ ರಜೆ, ನಿದ್ದೆ ಮತ್ತು ಹೆಂಡತಿಯ ತಾಳ್ಮೆಯನ್ನು ವರ್ಷಗಟ್ಟಲೆ ಸುರಿದು ಹಿತ್ತಲಿನ ಶೆಡ್ಡಿನಲ್ಲಿ ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ಕಟ್ಟುತ್ತಿದ್ದರು. ರೆಕ್ಕೆಗಳು ಗೋಡೆಗೆ ಒರಗಿದ್ದವು, ಒಡಲು ಟಾರ್ಪಾಲಿನಡಿ ಮಲಗಿತ್ತು. ಉಳಿದದ್ದು ಪೈಲಟ್ಟಿನ ಮುಂದಿನ ಪ್ಯಾನೆಲ್: ಯಾವ ಮೀಟರು ಎಲ್ಲಿ, ಯಾವ ಸ್ವಿಚ್ಚು ಎಲ್ಲಿ ಎಂಬ ತೀರ್ಮಾನ. ಅದಕ್ಕಾಗಿ ಪೈಲಟ್ ಸೀಟನ್ನು ಬಿಚ್ಚಿ ನೆಲದ ಮೇಲೆ ಕೂರಿಸಿ, ಎದುರಿಗೆ ರಟ್ಟಿನ ಹಲಗೆ ನಿಲ್ಲಿಸಿ, ಮೀಟರುಗಳ ಅಳತೆಗೆ ಕತ್ತರಿಸಿದ ಕಾಗದದ ಬಿಲ್ಲೆಗಳನ್ನು ಗುಂಡುಸೂಜಿಯಿಂದ ಚುಚ್ಚಿದ್ದರು.

ಆ ಬೆಳಗ್ಗೆ ಮುಖ ತೊಳೆದು ಬರುವಷ್ಟರಲ್ಲಿ ಸೀಟು ಭರ್ತಿಯಾಗಿತ್ತು. ಅತ್ತೆ ಸ್ವೆಟರ್ ಹೆಣೆಯುತ್ತ ಕೂತಿದ್ದರು.

“ಇದರಲ್ಲಿ ಕೂತಾಗ ಮಾತ್ರ ನೋಡಿ ಅಳಿಯಂದ್ರೇ, ನನ್ನ ಮಂಡಿ ಬಾಯಿ ಮುಚ್ಕೊಂಡಿರೋದು.”

ಇಡೀ ತರಗತಿಯನ್ನು ಒಂದೇ ಗದರಿಕೆಗೆ ಎಬ್ಬಿಸಿ ನಿಲ್ಲಿಸುವ ಮೇಷ್ಟ್ರಿಗೆ ಒಬ್ಬ ಅತ್ತೆಯನ್ನು ಎಬ್ಬಿಸಲು ನಾಲಗೆ ಹೊರಳಲಿಲ್ಲ. ಹಾಗಂತ ಕಾಯುವಂತೆಯೂ ಇರಲಿಲ್ಲ. ವರ್ಕ್‌ಶಾಪಿನವನು ತಗಡು ಕತ್ತರಿಸುವ ಯಂತ್ರವನ್ನು ಮಾರಿಬಿಟ್ಟಿದ್ದ. ಮಧ್ಯಾಹ್ನ ಅದನ್ನು ಒಯ್ಯಲು ಲಾರಿ ಬರುವುದರೊಳಗೆ ನಕ್ಷೆ ಕೊಟ್ಟರೆ ಸರಿ, ಇಲ್ಲದಿದ್ದರೆ ಈ ವರ್ಷವೂ ಹಾರಾಟವಿಲ್ಲ. ವಿಮಾನಕ್ಕೆ ಹೊಂದುವ ತಗಡು ಉಳಿದಿದ್ದುದೂ ಒಂದೇ. ಯೋಚನೆ ಹತ್ತಿದರೆ ಮೇಷ್ಟ್ರ ಬಲಗಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯುತ್ತಿತ್ತು. ಈಗಲೂ ಶುರುವಾಯಿತು.

ಅಡುಗೆಮನೆಗೆ ಹೋಗಿ ಹೆಂಡತಿಯ ಕಿವಿಯಲ್ಲಿ ದೂರು ಹೇಳಿದರು.

“ಎಬ್ಬಿಸಿದ್ರೆ ಇಡೀ ದಿನ ನನ್ನ ಪ್ರಾಣ ತಿಂತಾರೆ,” ಎಂದಳು ಆಕೆ. “ಹೇಗೂ ಯಾರಾದ್ರೂ ಕೂತ್ಕೊಂಡು ಕೈ ಚಾಚಿ ನೋಡ್ಬೇಕು ಅಂತಿದ್ರಲ್ಲ? ಅಮ್ಮನೇ ಕೂತಿರ್ಲಿ.”

ಮೇಷ್ಟ್ರಿಗೆ ಇದು ವೈಜ್ಞಾನಿಕವಾಗಿಯೂ ಸರಿ ಕಂಡಿತು. ಅಳೆಯುವವನೇ ಅಳತೆಗೂ ಕೂತರೆ ನಿಖರತೆ ಎಲ್ಲಿಂದ ಬರಬೇಕು? ಬೀದಿಯವರು ಅವರಿಗೆ ಮಿಲಿಮೀಟರ್ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅತ್ತೆ ಗಿಡ್ಡ, ತಾವು ಉದ್ದ. ಆ ವ್ಯತ್ಯಾಸವನ್ನು ಕೊನೆಗೆ ಕೂಡಿಸಿಕೊಂಡರಾಯಿತು.

ಮೊದಲು ದಿಕ್ಸೂಚಿ, ಕಾಗದದ ಬಿಲ್ಲೆಯಲ್ಲ, ನಿಜವಾದದ್ದೇ. ಅದನ್ನು ಎಲ್ಲಿಟ್ಟರೂ ಮುಳ್ಳು ಅತ್ತೆಯ ಕಡೆಗೇ ವಾಲುತ್ತಿತ್ತು. ಬಹಳ ಹೊತ್ತು ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಹೆಣಿಗೆಯ ಕಡ್ಡಿಗಳು ಉಕ್ಕಿನವು. ಆ ಶೆಡ್ಡಿನ ಉತ್ತರ ದಿಕ್ಕು ಅತ್ತೆಯ ಮಡಿಲಲ್ಲಿತ್ತು.

“ಹಾರುವಾಗ ನಾನು ಕೂರೋದು ಯಾವ ಕಡೆ?” ಅತ್ತೆ ಕೇಳಿದರು.

“ನೀವು ಬಲಗಡೆ, ಪ್ರಯಾಣಿಕರು. ನಿಮ್ಮ ಮುಂದೆ ಲೋಟ ಇಡೋಕೆ ಒಂದು ತೂತು. ಅಷ್ಟು ಸಾಕು. ಏನೂ ಮುಟ್ಟಬಾರದು, ಅಷ್ಟೆ.”

“ಓಹೋ,” ಎಂದು ಅತ್ತೆ ಒಂದು ಸಾಲು ಹೆಣೆದರು.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಬಾಗಿಲಲ್ಲಿ ತಲೆ ಹಾಕಿದರು. “ಹಾರ್ನ್ ಎಲ್ರೀ ಮೇಷ್ಟ್ರೇ?”

“ಆಕಾಶದಲ್ಲಿ ಯಾರಿಗೆ ಹೊಡೀಲಿ?”

“ಹದ್ದು ಅಡ್ಡ ಬಂದ್ರೆ ಇಳಿದು ಬೈತೀರಾ?” ಎನ್ನುತ್ತ ಒಳಗೇ ಬಂದರು. “ಸ್ವಿಚ್ಚುಗಳೆಲ್ಲ ಕೆಳಗಿರ್ಬೇಕು. ರಸ್ತೆ ಮೇಲಿನ ಕಣ್ಣು ತೆಗೀದೆ ಕೈಗೆ ಸಿಗ್ಬೇಕು.” ಸ್ವಿಚ್ಚುಗಳ ಬಿಲ್ಲೆಗಳು ಪ್ಯಾನೆಲ್ಲಿನ ಕೆಳ ಅಂಚಿಗೆ ಇಳಿದವು.

ಹಿಂದೆಯೇ ಪಕ್ಕದ ಮನೆಯ ಹಲ್ಲಿನ ಡಾಕ್ಟರು. “ಛೆ, ಇಷ್ಟು ದೂರ ಇಟ್ರೆ ಭುಜ ಬಿದ್ದುಹೋಗುತ್ತೆ. ನನ್ನ ಕ್ಲಿನಿಕ್ಕಲ್ಲಿ ಎಲ್ಲಾ ಮೊಣಕೈ ಮಡಚಿದ್ರೆ ಸಿಗುತ್ತೆ. ಅಮ್ಮಾ, ಕೈ ಚಾಚಿ. ಹಾಂ, ನೋವಾಗುತ್ತಾ?”

“ಸ್ವಲ್ಪ ಆಗುತ್ತೆ,” ಎಂದರು ಅತ್ತೆ. “ಇನ್ನೂ ಹತ್ತಿರ ಬರ್ಲಿ. ಸ್ವಲ್ಪ ಕೆಳಗೂ ಬರ್ಲಿ, ಆಚೆ ಏನೂ ಕಾಣ್ತಿಲ್ಲ.”

ಹಲಗೆ ಗೇಣು ಮುಂದೆ ಬಂತು, ಗೇಣು ಕೆಳಗಿಳಿಯಿತು, ಅತ್ತೆಯ ಕಣ್ಣಿಗೆ ತಕ್ಕಂತೆ ಬಾಗಿತು. ಡ್ರೈವರೂ ಡಾಕ್ಟರೂ ರೇಡಿಯೊ ಎಡಕ್ಕೋ ಬಲಕ್ಕೋ ಎಂದು ಜಗಳಕ್ಕೆ ನಿಂತರು. ಒಬ್ಬರು ಚುಚ್ಚಿದ ಬಿಲ್ಲೆಯನ್ನು ಇನ್ನೊಬ್ಬರು ಹಲ್ಲು ಕಿತ್ತಂತೆ ಕಿತ್ತರು. ಮಧ್ಯೆ ಮೇಷ್ಟ್ರು ಸ್ಕೇಲು ಹಿಡಿದು, ಮದುವೆಮನೆಯಲ್ಲಿ ಚಪ್ಪಲಿ ಕಳಕೊಂಡವರಂತೆ ಅತ್ತಿತ್ತ ಓಡಾಡಿದರು.

ಫೋನು ಬಂತು. “ಲಾರಿ ಬಂದು ನಿಂತಿದೆ ಸಾರ್, ಬರ್ತೀರೋ ಇಲ್ವೋ?”

ಮೇಷ್ಟ್ರು ಇದ್ದ ಹಾಗೆಯೇ ಎಲ್ಲವನ್ನೂ ಗುರುತು ಹಾಕಿಕೊಂಡು, ರಟ್ಟು ಕಂಕುಳಲ್ಲಿಟ್ಟುಕೊಂಡು ಸ್ಕೂಟರು ಹತ್ತಿದರು. ಯಂತ್ರ ಕೊನೆಯ ಸಲ ಕಿರುಚಿತು. ತಗಡು ಒಂದು ಕೂದಲೂ ಆಚೀಚೆಯಾಗದೆ ಕತ್ತರಿಸಿ ಬಂತು. ಅದನ್ನು ಕೂರಿಸುವ ಪಟ್ಟಿಗಳೂ ಅದೇ ಅಳತೆಗೆ ಬಾಗಿ ಬಂದವು. ಯಂತ್ರ ಲಾರಿ ಹತ್ತಿ ಹೋಯಿತು.

ಹೊತ್ತು ಮುಳುಗುವ ಮುಂಚೆ ಸೀಟೂ, ಮೀಟರು ಸ್ವಿಚ್ಚುಗಳ ಸಮೇತ ಪ್ಯಾನೆಲ್ಲೂ ವಿಮಾನದೊಳಗೆ ಕೂತವು. ಡ್ರೈವರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮದುಮಗನ ಗತ್ತಿನಲ್ಲಿ ಹತ್ತಿ ಎಡಗಡೆ ಕೂತರು.

ಕೂತರು ಅನ್ನುವುದಕ್ಕಿಂತ ಸಿಕ್ಕಿಕೊಂಡರು. ಮೊಣಕಾಲುಗಳು ಪ್ಯಾನೆಲ್ಲಿನ ಕೆಳ ಅಂಚಿಗೆ ಬಡಿದವು. ಮೀಟರುಗಳೆಲ್ಲ ಅವರ ಅಂಗಿಯ ಗುಂಡಿಗಳನ್ನು ನೋಡುತ್ತಿದ್ದವು. ಕೊನೆಗೆ ಕೂಡಿಸಬೇಕಿದ್ದ ವ್ಯತ್ಯಾಸ ಆಗ ನೆನಪಾಯಿತು. ನೆನಪಾದದ್ದೇ ಬಲಗಾಲು ಕುಣಿಯತೊಡಗಿತು. ಮೊಣಕಾಲು ತಾಗಿ ಟಕ್ ಎಂದು ಎಂಜಿನ್ ಸ್ವಿಚ್ಚು ಆಫ್ ಆಯಿತು. ಮೇಲಕ್ಕೆತ್ತಿದರು. ಮತ್ತೆ ಟಕ್.

“ಮೋಡದ ಮೇಲೆ ಹೀಗೆ ಮಾಡಿದ್ರೆ?” ಎಂದರು ಡ್ರೈವರು, ಮೆಲ್ಲಗೆ.

ಅತ್ತೆ ಹೆಣಿಗೆ ಮಡಚಿ, ಮಂಡಿಯ ನೆನಪೇ ಇಲ್ಲದವರಂತೆ ವಿಮಾನ ಹತ್ತಿದರು.

“ಸ್ವಲ್ಪ ಸರೀರಿ ಅಳಿಯಂದ್ರೇ.”

ಸರಿಯಲು ಇದ್ದದ್ದು ಬಲಗಡೆಯ ಸೀಟು ಮಾತ್ರ. ಅತ್ತೆ ಎಡಗಡೆ ಕೂತರು. ಕೈ ಚಾಚಿದರು, ಸ್ವಿಚ್ಚು, ರೇಡಿಯೊ, ಎಲ್ಲವೂ ಸಾಕಿದ ಬೆಕ್ಕಿನಂತೆ ಬೆರಳಿಗೆ ಬಂದವು. ದಿಕ್ಸೂಚಿ ನೇರ ಅವರ ಕಣ್ಣೆದುರಿಗಿತ್ತು.

“ಆಗಲೇ ಹಾರೋದು ಕಲಿಸೋ ಸ್ಕೂಲಿಗೆ ಫೋನ್ ಮಾಡಿ ಕೇಳ್ದೆ,” ಎಂದರು. “ಅವರ ಡಾಕ್ಟರು ಮೈ ಪರೀಕ್ಷೆ ಮಾಡಿ ಪಾಸು ಮಾಡಿದ್ರೆ ಸಾಕಂತೆ, ನನ್ನ ವಯಸ್ಸಾದ್ರೂ ಪರ್ವಾಗಿಲ್ವಂತೆ.”

ಆಮೇಲೆ, ತಮ್ಮ ಮಗಳು ತಂದುಕೊಟ್ಟ ನೀರಿನ ಲೋಟವನ್ನು ಮೇಷ್ಟ್ರ ಮುಂದಿನ ತೂತಿನಲ್ಲಿ ಜೋಪಾನವಾಗಿ ಇಟ್ಟರು. ಅದು ಒಂದು ಮಿಲಿಮೀಟರೂ ಅಲ್ಲಾಡದೆ ಕೂತಿತು.

“ನಿಮಗೆ ಅಷ್ಟು ಸಾಕು. ಏನೂ ಮುಟ್ಟಬೇಡಿ.”