ಎಡಕ್ಕೆ ವಾಲಿದ ಬಂಡೆಯವರ ಸನ್ನಿಧಾನಕ್ಕೆ

ಮಾನ್ಯರೇ,

ಗೋವಾದ ಸಡಾ ಗುಡ್ಡದ ಮೇಲೆ ಠಿಕಾಣಿ ಹೂಡಿ, ಕೆಳಗಿರುವ ನಮ್ಮ ತಗಡಿನ ಮನೆಯ ಮೇಲೆ ಸದಾ ಕೃಪಾದೃಷ್ಟಿ ಇಟ್ಟಿರುವ ಪರಮಪೂಜ್ಯ ಬಂಡೆಯವರ ಪಾದಗಳಿಗೆ (ತಮಗೆ ಪಾದಗಳಿಲ್ಲವೆಂದು ನಂಬಿಕೊಂಡೇ ನಾವು ಇಷ್ಟು ವರ್ಷ ನಿದ್ದೆ ಮಾಡಿದ್ದೇವೆ) ಅಂಬಿಕಾಳ ಸಾಷ್ಟಾಂಗ ನಮಸ್ಕಾರಗಳು. ನಾವು ಕೆಳಗೆ ಕ್ಷೇಮ. ತಾವು ಇನ್ನೂ ನಾಲ್ಕು ದಿನ ಮೇಲೆಯೇ ಕ್ಷೇಮವಾಗಿರಬೇಕೆಂಬುದು ಈ ಪತ್ರದ ವಿಷಯ.

ತಾವು ಹುಟ್ಟಾ ದೇವರಲ್ಲ ಎಂಬುದನ್ನು ಸಣ್ಣ ದನಿಯಲ್ಲಿ ನೆನಪಿಸುತ್ತೇನೆ, ಸಿಟ್ಟಾಗಬೇಡಿರಿ. ದಾರಿಹೋಕ ಗಂಡಸರು ತಮ್ಮ ಮರೆಯಲ್ಲಿ ನಿಂತು ಮಾಡುತ್ತಿದ್ದ ಕೆಲಸದ ವಾಸನೆ ನಮ್ಮ ಅಡುಗೆಮನೆಯವರೆಗೆ ಬರುತ್ತಿತ್ತೆಂದು ನಮ್ಮ ಅತ್ತೆ ಫಕೀರವ್ವನವರು ತಮಗೆ ಒಂದು ಮುಷ್ಟಿ ಅರಿಷಿಣದ ಭಂಡಾರ ಬಳಿದು, ಕುಂಕುಮ ಇಟ್ಟು ಬಂದರು. ವಾಸನೆ ನಿಂತಿತು, ಭಕ್ತಿ ಶುರುವಾಯಿತು. ಹೊಸ ಮೋಟಾರ್‌ಸೈಕಲ್ ಕೊಂಡವರು ನಿಂಬೆಹಣ್ಣು ತಂದರು, ಬಂದರಿನಲ್ಲಿ ಕೆಲಸ ಸಿಕ್ಕವರು ಕಾಯಿ ಒಡೆದರು, ಭಂಡಾರ ಬಳಿದ ಅತ್ತೆಯವರೇ ಅದನ್ನು ಯಾಕೆ ಬಳಿದದ್ದೆಂಬುದನ್ನು ಮರೆತು ಎಲ್ಲರಿಗಿಂತ ಮೊದಲು ಅಡ್ಡಬಿದ್ದರು.

ಹೋದ ಮಳೆಗಾಲದಲ್ಲಿ ತಾವು ಸ್ವಲ್ಪ ಮೈಮುರಿದು, ಒಂದು ಗೇಣು ಜಾರಿ, ಕಲ್ಲುಮಣ್ಣು ಉರುಳಿಸಿ ನಮ್ಮ ಬಚ್ಚಲಿನ ಗೋಡೆಯನ್ನು ಆಶೀರ್ವದಿಸಿದಿರಿ. ಆ ಗೋಡೆಯ ಈಚೆಗೆ ನನ್ನ ಮಗಳು ಶ್ವೇತಾ ಮಲಗುತ್ತಾಳೆ. ಅಂದಿನಿಂದ ತಗಡಿನ ಮೇಲೆ ಎರಡು ಹನಿ ಬಿದ್ದರೂ ನನ್ನ ಜೀವ ಬಾಯಿಗೆ ಬರುತ್ತದೆ. ಚೇಷ್ಟೆಯ ಮಾತಲ್ಲ, ಖರೇನೇ ಭಾಳ ಹೆದರಿಕೆ ಆಗುತ್ತದೆ. ಈಗ ಮತ್ತೆ ಮೋಡ ಕಟ್ಟುತ್ತಿದೆ.

ತಪಾಸಣೆಗೆ ಬಂದ ಇಂಜಿನಿಯರ್ ಸಾಹೇಬರು ತಮ್ಮನ್ನು ಒಡೆಸಲೇಬೇಕೆಂದು ಬೂಟು ಹಾಕಿಕೊಂಡು ಹೇಳಿದರು, ಆಮೇಲೆ ಬೂಟು ಬಿಚ್ಚಿ ಕೈಮುಗಿದು ಇಳಿದು ಹೋದರು. ಕಲ್ಲು ಒಡೆಯುವ ಸಂಗಣ್ಣ ಬ್ರೇಕರ್ ಮಷೀನು ಚಾಲೂ ಮಾಡಿದರೆ ಅದು ಎರಡು ಸಲ ಕೆಮ್ಮಿ ನಿಂತಿತು. ಡೀಸೆಲ್ ಮುಗಿದಿದೆಯೆಂದು ನಾನು ತೋರಿಸಿದರೂ ಕೇಳದೆ, ಮಷೀನಿಗೂ ಜೀವ ಇರತೈತ್ರಿ ಅಕ್ಕಾರ, ಅದಕ್ಕ ಅಂಜಿಕಿ ಬಂದೈತಿ, ಮೊದಲ ಅಪ್ಪಣಿ ಕೇಳ್ರಿ ಎಂದ. ಓಣಿಯೆಲ್ಲ ಸೇರಿ ತಮ್ಮ ಹಣೆಗೆ ಒದ್ದೆ ಹೂ ಅಂಟಿಸಿ ಕೇಳಿತು: ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬ್ಯಾಡ. ಮಾನ್ಯರೇ, ನಮ್ಮ ಮನೆ ಇರುವುದು ಎಡಕ್ಕೆ, ತಾವು ವಾಲಿರುವುದೂ ಎಡಕ್ಕೆ, ಪಾಪ, ಹೂವಾದರೂ ಇನ್ನೆಲ್ಲಿ ಹೋದೀತು! ಒಡೆಯಬಹುದೇ? ಬ್ಯಾಡ. ಸರಪಳಿಯಿಂದ ಬಿಗಿಯಬಹುದೇ? ಬ್ಯಾಡ. ಹೋಗಲಿ, ನಾವೇ ಮನೆ ಖಾಲಿ ಮಾಡಬಹುದೇ? ಅದಕ್ಕೂ ಬ್ಯಾಡ. ದೇವರೇ ಬ್ಯಾಡ ಅಂದ ಮೇಲೆ ಮುಗೀತು ಎಂದು ನಮ್ಮ ಮನೆಯವರು ಆರಾಮ ಗೊರಕೆ ಹೊಡೆದರು. ತಮ್ಮಷ್ಟು ಗಟ್ಟಿ ಮನಸ್ಸಿನ ಅಧಿಕಾರಿಯನ್ನು ನಾನು ಗೋವಾದಲ್ಲೂ ಕಂಡಿಲ್ಲ, ನಮ್ಮ ಊರ ಕಡೆ ವಿಜಯಪುರದಲ್ಲೂ ಕಂಡಿಲ್ಲ.

ಆದ್ದರಿಂದ ನಿನ್ನೆ ಮುಂಜಾನೆ ಎಲ್ಲರ ಮುಂದೆ ನಾನೇ ಹೂ ಅಂಟಿಸಿ, ತಮಗೆ ಈ ಮಳೆಗಾಲವೂ ಇಲ್ಲೇ ಇರಲು ಮನಸ್ಸಿದೆಯೇ ಎಂದು ಭಯಭಕ್ತಿಯಿಂದ ಕೇಳಿದೆ. ಹೂ ಎಡಕ್ಕೆ ಬಿತ್ತು. ಬ್ಯಾಡ. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು, ದೇವರಿಗೆ ಇಲ್ಲಿ ಬ್ಯಾಸರಾಗೇತಿ, ಮರ್ಯಾದಿಯಿಂದ ಕಳಿಸಿಕೊಡ್ರಿ ಎಂದರು. ಸಂಗಣ್ಣ ಸೋಮವಾರ ಬರುತ್ತಾನೆ, ಡೀಸೆಲನ್ನು ನಾನೇ ತಂದಿಟ್ಟಿದ್ದೇನೆ.

ಅಲ್ಲಿಯವರೆಗೆ ತಾವು ದಯವಿಟ್ಟು ಉಸಿರು ಬಿಗಿಹಿಡಿದು ಕೂರಬೇಕು, ತಮ್ಮ ಪರಿಚಯದ ಮೋಡಗಳಿಗೆ ನಾಲ್ಕು ದಿನ ತಡೆಯಲು ಹೇಳಬೇಕು, ಅವಸರ ತಡೆಯದೆ ನಡೆದೇ ಹೊರಡುವುದಾದರೆ ಬಲಕ್ಕೆ ತಿರುಗಿ ಸಮುದ್ರದ ದಾರಿ ಹಿಡಿಯಬೇಕು. ಮಗು ಮಲಗಿರುತ್ತದೆ, ಸಪ್ಪಳ ಮಾಡಬಾರದು.

ತಮ್ಮ ಕೆಳಗೇ ಇರುವುದರಿಂದ ಬೇರೆ ದಾರಿಯಿಲ್ಲದೆ
ತಮ್ಮ ವಿಶ್ವಾಸಿ,
ಅಂಬಿಕಾ

ತಾ.ಕ.: ತಮ್ಮದೊಂದು ಚೂರನ್ನು ಮನೆಯ ದೇವರ ಜಗುಲಿಗೆ ತರುವುದಾಗಿ ಅತ್ತೆಯವರು ಹರಕೆ ಹೊತ್ತಿದ್ದಾರೆ. ಬಹಳ ಸಂತೋಷ. ತಮ್ಮನ್ನು ಕೂರಿಸುವ ಹಲಗೆಯನ್ನು ನಾನೇ ಹೊಡೆದಿದ್ದೇನೆ, ಬಲಕ್ಕೆ ತುಸು ವಾಲಿಸಿ. ಈ ಗುಡ್ಡ ಬಿಟ್ಟು ಕೆಳಗೆ ವಾಸ್ಕೋದಲ್ಲಿ ಖೋಲಿ ಹಿಡಿಯಬಹುದೇ ಎಂದು ಮೊದಲು ಕೇಳುವವಳಿದ್ದೇನೆ. ನಮ್ಮ ಮನೆಯವರನ್ನು ಎಬ್ಬಿಸಿ ಪಕ್ಕದಲ್ಲೇ ನಿಲ್ಲಿಸಿಕೊಂಡಿರುತ್ತೇನೆ.